ಗಲ್ಫ್ ಕೆಲಸದವನಿಗೆ ಜಾಮೀನು: ‘ಪರಾರಿಯಾಗುತ್ತಾನೆ’ ಅನ್ನುವ ಆಕ್ಷೇಪಕ್ಕೆ ಏನು ಉತ್ತರ?

ಮಂಜೇಶ್ವರ ಜೂನಿಯರ್:
ಕಕ್ಷಿದಾರ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಕಡೆಯವನು, ಶಾರ್ಜಾದಲ್ಲಿ ಕೆಲಸ. ರಜೆಯಲ್ಲಿ ಬಂದಿದ್ದಾಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318(4)ರಲ್ಲಿ ವಂಚನೆ ಕೇಸು ಬಿತ್ತು. ವಾಪಸ್ ಹೊರಟವನನ್ನು ಮಂಗಳೂರು ವಿಮಾನ ನಿಲ್ದಾಣದಲ್ಲಿ ತಡೆದು ಅರೆಸ್ಟ್ ಮಾಡಿದರು. ವಿದೇಶದ ವೀಸಾ ಇದೆ, ತಲೆಮರೆಸಿಕೊಳ್ಳಬಹುದು ಎಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಡಲಿಲ್ಲ. ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 483ರಲ್ಲಿ ಸೆಷನ್ಸ್‌ಗೆ ಹಾಕಬೇಕು. ಜಾಮೀನು ನಿಲ್ಲಲು ಒಪ್ಪಿದ ಭಾವನ ಜಾಗ ಇರುವುದು ಕರ್ನಾಟಕದ ಬಂಟ್ವಾಳದಲ್ಲಿ. ಪಾಸ್‌ಪೋರ್ಟ್ ಒಪ್ಪಿಸುತ್ತೇವೆಂದು ನಾವೇ ಮೊದಲು ಹೇಳಬೇಕೋ, ಕೋರ್ಟು ಕೇಳುವವರೆಗೆ ಕಾಯಬೇಕೋ? ಹಿರಿಯರು ತಿಳಿಸಿ.

ವಿದ್ಯಾನಗರ ವಕೀಲ:
ಮೊದಲು ತಾರೀಕುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಊರಿಗೆ ಬಂದ ದಿನ (ಪಾಸ್‌ಪೋರ್ಟಿನ ಸೀಲ್ ನೋಡಿ), ಟಿಕೆಟ್ ಬುಕ್ ಆದ ದಿನ, ಎಫ್‌ಐಆರ್ ದಿನ, ಅದೇ ಸುರಕ್ಷಾ ಸಂಹಿತೆಯ 35(3)ರ ನೋಟಿಸು (ಬಂಧಿಸದೆ, ಪೊಲೀಸರ ಮುಂದೆ ಹಾಜರಾಗಲು ಹೇಳುವುದು) ಕೈಗೆ ಸಿಕ್ಕಿದ ದಿನ, ವಾಪಸ್ ವಿಮಾನದ ದಿನ. ರಜೆಗೆ ಬರುವವರು ಹೆಚ್ಚಾಗಿ ಹೋಗಿಬರುವ ಟಿಕೆಟನ್ನು ಒಟ್ಟಿಗೇ ಮಾಡಿಸಿರುತ್ತಾರೆ. ಬುಕಿಂಗ್ ಎಫ್‌ಐಆರಿಗಿಂತ ಮೊದಲಿನದ್ದಾದರೆ, ‘ಓಡಿಹೋಗುವಾಗ ಸಿಕ್ಕಿಬಿದ್ದ’ ಎಂಬ ವಾದದ ಅರ್ಧ ಗಾಳಿ ಅಲ್ಲೇ ಹೋಯಿತು. ಬೋರ್ಡಿಂಗ್ ಪಾಸ್ ಸಾಲದು, ಅದರಲ್ಲಿ ಬುಕ್ ಮಾಡಿದ ದಿನ ಇರುವುದಿಲ್ಲ. ವಿಮಾನ ಕಂಪೆನಿಯ ಇಮೇಲನ್ನೋ ಟ್ರಾವೆಲ್ಸಿನ ಬಿಲ್ಲನ್ನೋ ತರಿಸಿ.

318(4)ಕ್ಕೆ ಗರಿಷ್ಠ ಶಿಕ್ಷೆ ಏಳು ವರ್ಷ. ಅಷ್ಟರವರೆಗಿನ ಶಿಕ್ಷೆಯ ಕೇಸಿನಲ್ಲಿ 35(3)ರ ನೋಟಿಸು ಕೊಡದೆ ಹಿಡಿದದ್ದಾದರೆ ಕಾರಣವನ್ನು ಪೊಲೀಸರು ದಾಖಲಿಸಿರಬೇಕು. ರಿಮಾಂಡ್ ರಿಪೋರ್ಟಿನ (ಕಸ್ಟಡಿ ಕೇಳಿ ಪೊಲೀಸರು ಕೋರ್ಟಿಗೆ ಕೊಟ್ಟ ವರದಿ) ಪ್ರತಿ ತೆಗೆದು ಅದನ್ನು ನೋಡಿ. ನೋಟಿಸು ಬಂದು ಈತ ಠಾಣೆಗೆ ಹೋಗಿದ್ದರೆ ಅದಕ್ಕಿಂತ ದೊಡ್ಡ ದಾಖಲೆ ಬೇಡ.

ತೀರ್ಪುಗಳಲ್ಲಿ ಎರಡು ಸಾಕು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಊರಿನ ನಂಟನ್ನು ಯಾವುದರಿಂದ ಅಳೆಯಬೇಕೆಂದು ಸುಪ್ರೀಂ ಕೋರ್ಟು ಪಟ್ಟಿಯನ್ನೇ ಕೊಟ್ಟಿದೆ: ಎಷ್ಟು ಕಾಲದಿಂದ ವಾಸ, ಉದ್ಯೋಗ, ಕುಟುಂಬ, ಹೆಸರು, ಹಿಂದಿನ ಕೇಸುಗಳಲ್ಲಿ ಹಾಜರಾದ ರೀತಿ, ಹೊಣೆ ಹೊರುವ ಜನ. ನಿಮ್ಮ ಅರ್ಜಿಯ ಪ್ಯಾರಾಗಳನ್ನು ಅದೇ ಕ್ರಮದಲ್ಲಿ ಕಟ್ಟಿ. ಇನ್ನೊಂದು 2019ರ ಅಕ್ಟೋಬರಿನಲ್ಲಿ ಸಿಬಿಐ ಕೇಸಿನಲ್ಲಿ ಪಿ. ಚಿದಂಬರಂ ಅವರಿಗೆ ಜಾಮೀನು ಕೊಟ್ಟ ತೀರ್ಪು. ಬೇರೆ ಯಾರೋ ದೇಶ ಬಿಟ್ಟರೆಂದು ಈ ಆರೋಪಿಯೂ ಬಿಡುತ್ತಾನೆ ಎನ್ನಲಾಗದು, ಒಬ್ಬೊಬ್ಬನದ್ದನ್ನೂ ಬೇರೆಯಾಗಿಯೇ ನೋಡಬೇಕು ಎಂದಿದೆ. ‘ಗಲ್ಫಿನವರೆಲ್ಲ ಹೀಗೇ’ ಎಂಬ ಧಾಟಿಗೆ ಅದೇ ಉತ್ತರ.

ಆಚೆ ಬೆಂಚಿನವ:
ಪ್ರಾಸಿಕ್ಯೂಷನ್ ಕಡೆಯಿಂದಲೂ ಒಮ್ಮೆ ನೋಡಿ ಮಾರಾಯ್ರೆ. ವೀಸಾ ಇದೆ ಎಂಬುದೊಂದನ್ನೇ ಬರೆದ ಆಕ್ಷೇಪಣೆ ದುರ್ಬಲ, ಒಪ್ಪುತ್ತೇನೆ. ಆದರೆ ಇವು ಫೈಲಿನಲ್ಲಿದ್ದರೆ ನಿಮಗೆ ಕಷ್ಟ: ಎಫ್‌ಐಆರ್ ಆದ ಮೇಲೆ ಟಿಕೆಟನ್ನು ಇನ್ನೂ ಬೇಗದ ದಿನಕ್ಕೆ ಬದಲಿಸಿಕೊಂಡದ್ದು, ಸಿಮ್ ಬದಲಿಸಿದ್ದು, ಜಾಗವನ್ನು ಅವಸರದಲ್ಲಿ ಮಾರಿದ್ದು ಅಥವಾ ಹೆಂಡತಿ ಹೆಸರಿಗೆ ದಾನಪತ್ರ ಮಾಡಿದ್ದು, ಹಳೆ ಕೇಸಿನಲ್ಲಿ ವಾರಂಟ್ ಬಾಕಿ ಇರುವುದು. ಕಕ್ಷಿದಾರನನ್ನು ಕೂರಿಸಿ ಇಷ್ಟನ್ನೂ ಮೊದಲೇ ಕೇಳಿ. ಕೋರ್ಟಿನಲ್ಲಿ ಕೇಳಿ ತಿಳಿಯುವುದು ಬೇಡ.

ಎಡವುವ ಜಾಗ ಇನ್ನೊಂದಿದೆ: ಕಂಪೆನಿಯ ಪತ್ರ. ‘ಇಂಥವರು ನಮ್ಮಲ್ಲಿ ಕೆಲಸಕ್ಕಿದ್ದಾರೆ, ಇಂಥ ತಾರೀಕಿಗೆ ಹಾಜರಾಗಬೇಕು’ ಎಂದು ಅದರಲ್ಲಿ ಇರುತ್ತದೆ. ಉದ್ಯೋಗ ಇದೆಯೆಂದು ತೋರಿಸಲು ನೀವು ಅದನ್ನು ಹಾಕುತ್ತೀರಿ, ಎದುರು ಪಕ್ಷ ಕೊನೆಯ ಸಾಲನ್ನು ಓದಿ ‘ನೋಡಿ ಸ್ವಾಮಿ, ಹೋಗುವ ದಿನವೂ ನಿಗದಿಯಾಗಿದೆ’ ಅನ್ನುತ್ತದೆ. ರಜೆ ವಿಸ್ತರಿಸಲಾಗಿದೆ, ಕೆಲಸ ಕಾಯ್ದಿರಿಸಲಾಗಿದೆ ಎಂಬ ಹೊಸ ಪತ್ರ ಸಿಕ್ಕಿದರೆ ಮಾತ್ರ ಹಾಕಿ. ಇಲ್ಲವಾದರೆ ಊರಿನ ನಂಟೇ ಮುಂದಿರಲಿ: ರೇಷನ್ ಕಾರ್ಡು, ಪಂಚಾಯತಿನ ಮನೆ ತೆರಿಗೆ ರಶೀದಿ, ಮಕ್ಕಳ ಶಾಲೆಯ ಸರ್ಟಿಫಿಕೇಟು, ವಿಲ್ಲೇಜ್ ಆಫೀಸಿನ ವಾಸ್ತವ್ಯ ಪತ್ರ.

ತೀರ್ವೆ ರಶೀದಿ:
ಭಾವನ ವಿಷಯ. ಬೇರೆ ಜಿಲ್ಲೆ, ಬೇರೆ ರಾಜ್ಯದ ಜಾಮೀನುದಾರ ಆಗದು ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. 1978ರ ಮೋತಿರಾಮ್ ತೀರ್ಪು ಇದರ ಬಗ್ಗೆಯೇ. ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಜಾಮೀನು ನಿಲ್ಲುವ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಕೆಳಗಿನ ಕೋರ್ಟು ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿತು. 2023ರ ಜನವರಿಯ ನಿರ್ದೇಶನದಲ್ಲೂ ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತದೆ ಎಂದಿದೆ.

ತೊಡಕು ಬರುವುದು ಕಾಗದದಲ್ಲಿ. ಇಲ್ಲಿಯ ಕೋರ್ಟು ಆಫೀಸು ನೋಡಿ ಅಭ್ಯಾಸವಿರುವುದು ವಿಲ್ಲೇಜ್ ಆಫೀಸಿನ ತೀರ್ವೆ (ಭೂಕಂದಾಯ) ರಶೀದಿ. ಬಂಟ್ವಾಳದವನು ತರುವುದು ಪಹಣಿ, ಅಂದರೆ ಕರ್ನಾಟಕದ ಜಮೀನು ದಾಖಲೆ. ಅದರಲ್ಲಿ ಜಾಗದ ಬೆಲೆ ಇರುವುದಿಲ್ಲ. ಪಹಣಿಯ ಜತೆಗೆ ಈಚಿನ ಋಣಭಾರ ಪತ್ರ, ತಹಶೀಲ್ದಾರರಿಂದ ಬೆಲೆಯ ದೃಢೀಕರಣ, ಆಧಾರ್ ತರಲಿ. ಪಹಣಿ ಜಂಟಿ ಹೆಸರಲ್ಲಿದ್ದರೆ ಅವನ ಪಾಲು ಎಷ್ಟೆಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆ ಎಷ್ಟು ಜನರಿಗೆ ಜಾಮೀನು ನಿಂತಿದ್ದಾನೆಂದು ಸುರಕ್ಷಾ ಸಂಹಿತೆಯ 486ರ ಪ್ರಕಾರ ಘೋಷಣೆ ಕೊಡಬೇಕು, ಅಲ್ಲಿ ಸುಳ್ಳು ಬೇಡ. ಆರೋಪಿ ಬಾರದಿದ್ದರೆ ದುಡ್ಡು ಕಟ್ಟಬೇಕಾಗುವುದು ತಾನು ಎಂಬುದೂ (ಅದೇ ಸಂಹಿತೆಯ 491) ಭಾವನಿಗೆ ಗೊತ್ತಿರಲಿ.

ಷರತ್ತಿನ ಕರಡು ನೀವೇ ಕೊಡುವುದಾದರೆ ‘ಜಿಲ್ಲೆ ಬಿಟ್ಟು ಹೋಗಬಾರದು’ ಎಂದು ಮಾತ್ರ ಬರೆಯಬೇಡಿ. ಮಂಜೇಶ್ವರದವರಿಗೆ ಆಸ್ಪತ್ರೆ ಅಂದರೆ ತಲಪಾಡಿಯ ಗಡಿ ದಾಟಿ ಕರ್ನಾಟಕದ ದೇರಳಕಟ್ಟೆ, ಮಂಗಳೂರು. ತಾಯಿಯನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದದ್ದೇ ಷರತ್ತು ಮುರಿದ ಹಾಗಾದೀತು. ‘ಕೋರ್ಟಿನ ಅನುಮತಿ ಇಲ್ಲದೆ ದೇಶ ಬಿಡಬಾರದು’ ಎಂದಿದ್ದರೆ ಸಾಕು.

ಮಂಜೇಶ್ವರ ಜೂನಿಯರ್:
ಉಪಕಾರ. ಟಿಕೆಟ್ ಎಫ್‌ಐಆರಿಗೆ ಮೊದಲಿನದ್ದೇ, ಇಮೇಲ್ ಸಿಕ್ಕಿತು. ಪಾಸ್‌ಪೋರ್ಟ್ ವಿಷಯ ಯಾರೂ ಹೇಳಲಿಲ್ಲವಲ್ಲ?

ವಿದ್ಯಾನಗರ ವಕೀಲ:
ನೀವೇ ಮೊದಲು ಹೇಳಿ, ಅರ್ಜಿಯಲ್ಲೇ ಬರೆಯಿರಿ. ವೀಸಾದ ವಾದಕ್ಕೆ ನೇರ ಉತ್ತರ ಅದೇ. ಪೊಲೀಸರು ಈಗಾಗಲೇ ತೆಗೆದುಕೊಂಡಿದ್ದರೆ ಮಹಜರಿನಲ್ಲಿ ನಂಬರ್ ಸಮೇತ ಬಂದಿದೆಯೇ ನೋಡಿ.

ಆದರೆ ಮುಂದಿನದ್ದನ್ನೂ ಈಗಲೇ ಯೋಚಿಸಿ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಯುಎಇಯ ವಾಸದ ವೀಸಾ ಸಾಮಾನ್ಯವಾಗಿ ರದ್ದಾಗುತ್ತದೆ. ಹಾಗಾಗಿ ಜಾಮೀನು ಸಿಕ್ಕಿ ತನಿಖೆಗೆ ಕೆಲವು ಸಲ ಹಾಜರಾದ ಮೇಲೆ ಪಾಸ್‌ಪೋರ್ಟ್ ಬಿಡುಗಡೆಗೆ ಬೇರೆ ಅರ್ಜಿ ಹಾಕಬೇಕು. ಹೋಗುವ ದಿನ, ಬರುವ ದಿನ, ಅಲ್ಲಿಯ ವಿಳಾಸ, ಹೆಚ್ಚುವರಿ ಠೇವಣಿ ಎಷ್ಟು ಎಂದು ಬಿಡಿಸಿ ಬರೆಯಿರಿ. ಇಂಥದ್ದಕ್ಕೆ 2020ರ ಪರ್ವೇಜ್ ಲೋಖಂಡ್‌ವಾಲಾ ತೀರ್ಪು ಓದಿ, ಅಮೆರಿಕಕ್ಕೆ ಹೋಗಲು ಜಾಮೀನಿನ ಷರತ್ತು ಸಡಿಲಿಸಿದ ಪ್ರಕರಣ ಅದು.

ಕೊನೆಗೆ ಲುಕ್‌ಔಟ್ ಸರ್ಕ್ಯುಲರ್, ಅಂದರೆ ಆರೋಪಿ ದೇಶ ಬಿಡದಂತೆ ತಡೆಯಲು ಇಮಿಗ್ರೇಷನ್ನಿಗೆ ಹೋಗುವ ಸೂಚನೆ. ವಿಮಾನ ನಿಲ್ದಾಣದಲ್ಲಿ ತಡೆದಿದ್ದಾರೆಂದರೆ ಅದು ಇರುವುದು ಬಹುತೇಕ ಖಚಿತ. ಕೋರ್ಟು ಅನುಮತಿ ಕೊಟ್ಟರೂ ಅದು ತಾನಾಗಿ ಹೋಗುವುದಿಲ್ಲ. ಹೊರಡಿಸಲು ಕೇಳಿಕೊಂಡ ಪೊಲೀಸ್ ಅಧಿಕಾರಿಯೇ ಇಮಿಗ್ರೇಷನ್ ಬ್ಯೂರೋಗೆ ಬರೆದು ತೆಗೆಸಬೇಕು. ಪ್ರಯಾಣದ ಅನುಮತಿ ಕೇಳುವ ಅರ್ಜಿಯಲ್ಲೇ ಆ ನಿರ್ದೇಶನವನ್ನೂ ಕೇಳಿ, ಆದೇಶದ ದೃಢೀಕೃತ ಪ್ರತಿಯನ್ನು ಎಸ್‌ಪಿ ಆಫೀಸಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಆದೇಶ ಕೈಯಲ್ಲಿದ್ದರೂ ಅದೇ ಕೌಂಟರಿನಲ್ಲಿ ಇನ್ನೊಮ್ಮೆ ನಿಲ್ಲಿಸುತ್ತಾರೆ.