ಅಪ್‌ಡೇಟ್: ಮನಾಲಿಯಲ್ಲಿ ಕಾಲು ಮುರಿದುಕೊಂಡ ಅಮ್ಮ ದಾವಣಗೆರೆಗೆ ಬಂದರು

ಮನಾಲಿಗೆ ಹೋದಾಗ ಅಮ್ಮ ಜಾರಿ ಬಿದ್ದು ಪಾದದ ಗಂಟಿನ ಹತ್ತಿರ ಮೂಳೆ ಮುರಿದಿತ್ತು, ಪ್ಲಾಸ್ಟರ್ ಹಾಕಿದ ಕಾಲಲ್ಲಿ ದಾವಣಗೆರೆಗೆ ಹೇಗೆ ಕರೆತರೋದು ಅಂತ ಕೇಳಿದ್ದೆ. ಮನೆ ಸೇರಿ ನಾಲ್ಕು ದಿನ ಆಯಿತು.

ಚಂಡೀಗಡದಿಂದ ರೈಲಲ್ಲಿ ಬನ್ನಿ ಅಂದಿದ್ದಿರಿ. ಲೋವರ್ ಬರ್ತ್ ಸಿಗಲೇ ಇಲ್ಲ. ಟ್ರಾವೆಲ್ ಇನ್ಶೂರೆನ್ಸ್ ಸಲಹೆಯೂ ಉಪಯೋಗಕ್ಕೆ ಬರಲಿಲ್ಲ, ನಾವು ಮಾಡಿಸಿರಲೇ ಇಲ್ಲವಲ್ಲ!

ಕೈ ಹಿಡಿದದ್ದು "ಮೊದಲು ಏರ್‌ಲೈನ್‌ಗೆ ಫೋನ್ ಮಾಡಿ" ಅಂದವರ ಮಾತು. ಹೊಸ ಪ್ಲಾಸ್ಟರ್ ಇದ್ದರೆ ಸಾಮಾನ್ಯವಾಗಿ 48 ಗಂಟೆ ಕಾಯಬೇಕಂತೆ. ವಿಮಾನದಲ್ಲಿ ಕಾಲು ಊದಿಕೊಂಡರೆ ಸುತ್ತಲೂ ಬಿಗಿಯಾದ ಪ್ಲಾಸ್ಟರ್ ರಕ್ತ ಓಡಾಟವನ್ನೇ ತಡೆಯಬಹುದು. ಅದಕ್ಕೆ ಡಾಕ್ಟರು ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ, ಮೇಲೆ ಬ್ಯಾಂಡೇಜ್ ಸುತ್ತಿ, ಪ್ರಯಾಣ ಮಾಡಬಹುದು ಅಂತ ಪತ್ರ ಬರೆದುಕೊಟ್ಟರು. ಕಾಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ನೂ ಕೊಟ್ಟರು. ವೀಲ್‌ಚೇರ್ ಮೊದಲೇ ಹೇಳಿದ್ದರಿಂದ ತೊಂದರೆ ಆಗಲಿಲ್ಲ. ಬೆಂಗಳೂರಿಂದ ಕಾರು. ಹಿಂದಿನ ಸೀಟು ಪೂರ್ತಿ ಅಮ್ಮನದು, ಕಾಲ ಕೆಳಗೆ ಮೂರು ದಿಂಬು.

ಆಶ್ಚರ್ಯ ಅಂದರೆ, ಅಮ್ಮ ಮನಾಲಿ ಹತ್ತಿರದ ಸೋಲಾಂಗ್ ಕಣಿವೆಯ ಹಿಮದಲ್ಲಿ ಆರಾಮಾಗಿ ಓಡಾಡಿದ್ದರು. ಬಿದ್ದದ್ದು ಬೆಳಿಗ್ಗೆ, ಹೋಟೆಲ್ ಅಂಗಳದಲ್ಲಿ. ಹಗಲು ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾಗಿ ಗಾಜಿನ ಹಾಗೆ ಕೂತಿರುತ್ತೆ, ಕಣ್ಣಿಗೆ ಸುಮ್ನೆ ಒದ್ದೆ ನೆಲದಂತೆ ಕಾಣುತ್ತೆ. ಬಿಸಿಲು ಬರೋವರೆಗೆ ಹಿರಿಯರನ್ನು ಹೊರಗೆ ಬಿಡಬೇಡಿ.

ಇಲ್ಲಿಯ ಮೂಳೆ ಡಾಕ್ಟರು ಆಪರೇಷನ್ ಬೇಡ, ಆರು ವಾರ ಕಾಲೂರಬಾರದು ಅಂದಿದ್ದಾರೆ. ಅಮ್ಮನ ಚಿಂತೆ ಬೇರೆ. ಬೆಣ್ಣೆ ದೋಸೆ ಪಾರ್ಸೆಲ್ ತಂದರೆ ಮೆತ್ತಗಾಗುತ್ತಂತೆ.