ಪದಚರ್ಚೆ: ಮಾರ್ಜಿನ್‌ಗೆ ಏನೆನ್ನೋಣ, ಪ್ಯಾಡಿಂಗ್‌ಗೆ ಏನೆನ್ನೋಣ?

ಬಲ್ಲವರೆಲ್ಲರಿಗೆ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗೆ ಸಂಜೆ ಹೊತ್ತು ವೆಬ್ ಪುಟ ಕಟ್ಟುವುದನ್ನು ಹೇಳಿಕೊಡುತ್ತೇನೆ. ಅವರಿಗಾಗಿ ಪಾಠದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಹೊರಟು, ಪುಟದ ಬಣ್ಣ, ಅಳತೆ, ಜೋಡಣೆಗಳನ್ನು ಬ್ರೌಸರ್‌ಗೆ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಎರಡು ಪದಗಳ ಮುಂದೆ ನಿಂತುಬಿಟ್ಟಿದ್ದೇನೆ. ನಿಘಂಟು ತೆರೆದರೆ ಮಾರ್ಜಿನ್‌ಗೂ ಅಂಚು, ಬಾರ್ಡರ್‌ಗೂ ಅಂಚು. ಪ್ಯಾಡಿಂಗ್‌ಗೆ ಮೆತ್ತೆ. ದಿಂಬು ಹೊಲಿಯುವವರಿಗೆ ಇಷ್ಟು ಸಾಕಾದೀತು, ನನಗೆ ಸಾಲದು.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಪುಟದ ಮೇಲಿನ ತಲೆಬರಹ, ಪ್ಯಾರಾ, ಗುಂಡಿ, ಎಲ್ಲವೂ ಬ್ರೌಸರ್‌ನ ಕಣ್ಣಿಗೆ ಒಂದೊಂದು ಪೆಟ್ಟಿಗೆ. ನಡುವೆ ಬರಹ; ಅದರ ಸುತ್ತ ಪ್ಯಾಡಿಂಗ್; ಅದರ ಸುತ್ತ ಬಾರ್ಡರ್; ಬಾರ್ಡರ್‌ನ ಹೊರಗೆ ಮಾರ್ಜಿನ್. 1996ರಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿ ಹೊರಬಂದಾಗಿನಿಂದ ಈ ನಾಲ್ಕು ಸುತ್ತು ಹಾಗೆಯೇ ಇವೆ. ಪೆಟ್ಟಿಗೆಗೆ ಹಿನ್ನೆಲೆ ಬಣ್ಣ ಬಳಿದರೆ ಅದು ಪ್ಯಾಡಿಂಗ್‌ಗೂ ಹತ್ತುತ್ತದೆ, ಮಾರ್ಜಿನ್‌ಗೆ ಹತ್ತುವುದಿಲ್ಲ. ಗುಂಡಿಯ ಪ್ಯಾಡಿಂಗ್ ಮೇಲೆ ಬೆರಳಿಟ್ಟರೆ ಗುಂಡಿ ಒತ್ತಿದಂತೆ. ಮಾರ್ಜಿನ್ ಮೇಲೆ ಇಟ್ಟರೆ ಬರಿಯ ಗೋಡೆ ಮುಟ್ಟಿದಂತೆ.

ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಿ ಎಂದು ನೀವು ಹೇಳುವ ಮೊದಲೇ ಹೇಳಿಬಿಡುತ್ತೇನೆ: ಇಟ್ಟು ನೋಡಿಯಾಯಿತು. ಮೊದಲ ವಾರ ‘ಪ್ಯಾರಾಕ್ಕೆ ಎಡಗಡೆ 24 ಪಿಕ್ಸೆಲ್ ಮಾರ್ಜಿನ್ ಕೊಡಿ’ ಎಂದೆ. ಹಿಂದಿನ ಸಾಲಿನ ಹುಡುಗ ಕೈಯೆತ್ತಿ ‘ಸರ್, ಕೊಟ್ಟೆ, ಆದರೆ ಗೆರೆ ಕಾಣುತ್ತಿಲ್ಲ’ ಎಂದ. ತಪ್ಪು ಅವನದಲ್ಲ. ಶಾಲೆಯಲ್ಲಿ ಮೇಷ್ಟ್ರು ‘ಮಾರ್ಜಿನ್ ಹಾಕಿಕೊಳ್ಳಿ’ ಎಂದರೆ ನಾವೆಲ್ಲ ಸ್ಕೇಲು ಹಿಡಿದು ಗೆರೆ ಎಳೆದವರೇ. ಕನ್ನಡದ ಮಕ್ಕಳಿಗೆ ಮಾರ್ಜಿನ್ ಎಂದರೆ ಆ ಗೆರೆ. ಗೆರೆಯಾಚೆ ಬಿಟ್ಟ ಜಾಗಕ್ಕೆ ಹೆಸರೇ ಇಲ್ಲ. ಪಕ್ಕದಲ್ಲಿ ಕುಳಿತ ಕಿರಾಣಿ ಅಂಗಡಿಯವರ ಮಗಳಿಗೆ ಮಾರ್ಜಿನ್ ಎಂದರೆ ಲಾಭ. ಪ್ಯಾಡ್ ಅಂತೂ ಎಲ್ಲರಿಗೂ ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ರಟ್ಟು. ಅಂದರೆ ಎರವಲು ಪದವೂ ಖಾಲಿ ಕೈಯಲ್ಲಿ ಬಂದಿಲ್ಲ, ತನ್ನದೇ ಗಂಟು ಹೊತ್ತು ತಂದಿದೆ.

ಬಾರ್ಡರ್‌ಗೆ ಅಂಚು ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಸೀರೆಯ ಅಂಚು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬಣ್ಣವಿದೆ, ಅಗಲವಿದೆ, ಬಾರ್ಡರ್‌ಗೂ ಅಷ್ಟೇ. ಉಳಿದೆರಡಕ್ಕೆ ಮೊದಲು ಹೊಳೆದದ್ದು ಮನೆ. ಅಂಚು ಗೋಡೆಯಾದರೆ ಮಾರ್ಜಿನ್ ಅಂಗಳ. ಹುಡುಗರಿಗೆ ಬಲು ಹಿಡಿಸಿತು, ಎರಡು ದಿನ ನಡೆಯಿತು, ಮೂರನೆಯ ದಿನ ಅಂಗಳ ಕೈಕೊಟ್ಟಿತು. ಒಂದರ ಕೆಳಗೆ ಒಂದು ಪ್ಯಾರಾ ಇದ್ದು, ಮೇಲಿನದಕ್ಕೆ ಕೆಳಗಡೆ 24, ಕೆಳಗಿನದಕ್ಕೆ ಮೇಲ್ಗಡೆ 16 ಮಾರ್ಜಿನ್ ಇದ್ದರೆ ನಡುವಿನ ಜಾಗ 40 ಆಗುವುದಿಲ್ಲ, 24 ಆಗುತ್ತದೆ. ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಎದುರುಬದುರು ಮನೆಗಳ ಅಂಗಳಗಳು ಹಾಗೆ ಒಂದನ್ನೊಂದು ನುಂಗಿದರೆ ಕೋರ್ಟೇ ಗತಿ.

ತೋಟದ ಮನೆಯ ಹುಡುಗನೊಬ್ಬ ಇದಕ್ಕಿಂತ ಚೆನ್ನಾಗಿ ಹೇಳಿದ. ತೆಂಗಿನ ಸಸಿಗೆ 25 ಅಡಿ ಬೇಕು, ಪಕ್ಕದ ಇನ್ನೊಂದು ಗಿಡಕ್ಕೆ 10 ಅಡಿ ಸಾಕು ಎಂದರೆ ಇವೆರಡರ ನಡುವೆ 35 ಅಡಿ ಬಿಡುವವರುಂಟೇ? 25 ಬಿಟ್ಟರೆ ಎರಡಕ್ಕೂ ಆಯಿತು. ಕೃಷಿಯವರು ಇದನ್ನು ಅಂತರ ಎನ್ನುತ್ತಾರೆ. ಸರಿಯಾದ ಪದವೇ, ಆದರೆ ಒಳಗಿನದಕ್ಕೆ ಹೊಂದುವುದಿಲ್ಲ. ಅಂತರ ಎರಡು ವಸ್ತುಗಳ ನಡುವಿನದು. ಪ್ಯಾಡಿಂಗ್ ಒಂದರ ಒಡಲಿನದು.

ಈ ನುಂಗುವಿಕೆಗೆ ಇಂಗ್ಲಿಷಿನಲ್ಲಿ ಕೊಲ್ಯಾಪ್ಸ್ ಎನ್ನುತ್ತಾರೆ. ಅದನ್ನು ಕುಸಿತ ಎಂದು ಬರೆದದ್ದನ್ನು ಕಂಡಿದ್ದೇನೆ. ಸೇತುವೆ ಬಿದ್ದ ಸುದ್ದಿಯಂತಿದೆ. ನಮ್ಮ ವ್ಯಾಕರಣದಲ್ಲೇ ಇದಕ್ಕೆ ಹೆಸರಿದೆಯಲ್ಲ, ಲೋಪ! ಊರು, ಅಲ್ಲಿ ಸೇರಿದರೆ ಊರಲ್ಲಿ: ಎರಡು ಸ್ವರ ಎದುರಾದವು, ಒಂದು ಹೋಯಿತು. (ಸಂಧಿಯಲ್ಲಿ ಹಿಂದಿನದು ಹೋಗುತ್ತದೆ, ಇಲ್ಲಿ ಚಿಕ್ಕದು ಹೋಗುತ್ತದೆ, ವೈಯಾಕರಣರು ಮನ್ನಿಸಬೇಕು.) ಇನ್ನೂ ಸೊಗಸು ಮುಂದಿದೆ. ಹೊರ ಪೆಟ್ಟಿಗೆಯೊಳಗೆ ಮೊದಲಿಗೆ ತಲೆಬರಹವಿದ್ದರೆ ಅದರ ಮೇಲಿನ ಮಾರ್ಜಿನ್ ಪೆಟ್ಟಿಗೆಯನ್ನು ದಾಟಿ ಹೊರಗೆ ಹೋಗಿ ಪೆಟ್ಟಿಗೆಯನ್ನೇ ಕೆಳಗೆ ತಳ್ಳುತ್ತದೆ. ಪೆಟ್ಟಿಗೆಗೆ ಒಂದೇ ಒಂದು ಪಿಕ್ಸೆಲ್ ಪ್ಯಾಡಿಂಗ್ ಕೊಡಿ, ಮಾರ್ಜಿನ್ ಒಳಗೇ ನಿಲ್ಲುತ್ತದೆ. ಮನೆ, ಅಲ್ಲಿ ಸೇರುವಾಗ ನಡುವೆ ಯಕಾರ ಬಂದು ಎರಡು ಸ್ವರಗಳನ್ನೂ ಉಳಿಸುವುದಿಲ್ಲವೇ, ಹಾಗೆಯೇ: ಆಗಮ. ಇದನ್ನು ಹಲಗೆಯ ಮೇಲೆ ಬರೆದ ದಿನ, ಹತ್ತನೆಯ ತರಗತಿಯ ವ್ಯಾಕರಣ ಮೊದಲ ಸಲ ಉಪಯೋಗಕ್ಕೆ ಬಂತು ಎಂದು ಒಬ್ಬಳು ನಕ್ಕಳು.

ಕೊನೆಗೆ ನಾನು ತಲುಪಿರುವುದು ತೆರಪು ಎಂಬ ಪದಕ್ಕೆ. ಎಡೆತೆರಪಿಲ್ಲದೆ ಎನ್ನುತ್ತೇವಲ್ಲ, ಅದೇ. ಪ್ಯಾಡಿಂಗ್ ಒಳತೆರಪು, ಮಾರ್ಜಿನ್ ಹೊರತೆರಪು. ಪೆಟ್ಟಿಗೆಗಳನ್ನು ಸಾಲಾಗಿ ಇಲ್ಲವೇ ಚೌಕಳಿಯಾಗಿ ಇಡುವ ಫ್ಲೆಕ್ಸ್, ಗ್ರಿಡ್ ಜೋಡಣೆಗಳಲ್ಲಿ, ಪೆಟ್ಟಿಗೆಗಳ ನಡುವೆ ಬಿಡುವ ಜಾಗಕ್ಕೆ ಗ್ಯಾಪ್ ಎಂಬ ಇನ್ನೊಂದಿದೆ. 2021ರಲ್ಲಿ ಸಫಾರಿ ಬ್ರೌಸರ್ ಕೂಡ ಫ್ಲೆಕ್ಸ್‌ಗೆ ಅದನ್ನು ಒಪ್ಪಿಕೊಂಡ ಮೇಲೆ ಸಾಲಾಗಿ ಜೋಡಿಸುವ ಕೆಲಸಕ್ಕೆ ಮಾರ್ಜಿನ್ ಹಚ್ಚುವುದೇ ಕಡಿಮೆಯಾಗಿದೆ. ಅದು ನಡುತೆರಪು. ಅಲ್ಲಿ ಲೋಪದ ಗೊಡವೆಯೂ ಇಲ್ಲ.

ಕನ್ನಡಕ್ಕೆ ಒಳತೆರಪು ಸ್ವಲ್ಪ ಧಾರಾಳವಾಗಿಯೇ ಬೇಕು ಎಂಬುದು ಬೇರೆ ಮಾತು. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ‘ರಾಷ್ಟ್ರ’ ಎಂದು ಬರೆದು ನೋಡಿ. ಕೆಳಗಿನ ಒತ್ತಿನ ಬಾಲ ಕತ್ತರಿಸಿ ಹೋಗಿ, ಓದುವವರು ಅರ್ಧ ಊಹಿಸಿಕೊಳ್ಳಬೇಕಾಗುತ್ತದೆ.

ಕೇಳಬೇಕಾದದ್ದು ಎರಡು. ತೆರಪು ಎಂಬುದು ನಿಮ್ಮ ಸೀಮೆಯಲ್ಲಿ ಇನ್ನೂ ಬಾಯಿಮಾತಿನಲ್ಲಿದೆಯೇ, ಇದ್ದರೆ ಜಾಗಕ್ಕೆ ಹೇಳುತ್ತಾರೆಯೇ ಸಮಯಕ್ಕೋ? ಎರಡನೆಯದು, ಅಗಲ. 300 ಪಿಕ್ಸೆಲ್ ಅಗಲ ಎಂದರೆ ಸಿಎಸ್‌ಎಸ್ ತಾನಾಗಿ ಬರಹದ ಅಗಲವನ್ನಷ್ಟೇ ಎಣಿಸುತ್ತದೆ. ಎರಡೂ ಬದಿಗೆ 20ರ ಒಳತೆರಪು, 2ರ ಅಂಚು ಸೇರಿದರೆ ಪೆಟ್ಟಿಗೆ 344 ಆಗಿ ಕುಳಿತಿರುತ್ತದೆ. ಬಾರ್ಡರ್-ಬಾಕ್ಸ್ ಎಂದು ಬರೆದರೆ ಅಂಚೂ ಸೇರಿ 300. ಬಟ್ಟೆ ಅಂಗಡಿಯಲ್ಲಿ, ದರ್ಜಿಯ ಬಳಿ, ಬಡಗಿಯ ಬಳಿ ಈ ಎರಡು ಅಳತೆಗಳಿಗೆ ಬೇರೆ ಬೇರೆ ಹೆಸರು ಇರಲೇಬೇಕು. ಬಾಗಿಲ ಚೌಕಟ್ಟಿನ ಒಳ ಅಳತೆ, ಹೊರ ಅಳತೆ ಎನ್ನುವುದನ್ನು ಕೇಳಿದ್ದೇನೆ. ಅದಕ್ಕಿಂತ ಚಿಕ್ಕದು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.