ಜಿಮ್ನಿ ಟಾಪ್ ಮೇಲೆ ನಾಲ್ಕು ಸ್ಪಾಟ್‌ಲೈಟ್: ತೂತು ಹೊಡೆಯಲೇಬೇಕಾ?

ಪ್ರಶ್ನೆ (ಹೊಳಲ್ಕೆರೆ ಕಡೆಯಿಂದ):
ಸರ್, ನಮ್ಮ ಅಡಿಕೆ ತೋಟಕ್ಕೆ ತ್ರೀಫೇಸ್ ಕರೆಂಟು ಬರುವುದು ಜಾಸ್ತಿ ರಾತ್ರಿಯೇ. ಮೋಟರ್ ಹಾಕಲು ನಮ್ಮ ಮಾರುತಿ ಜಿಮ್ನಿ ಗಾಡಿಯಲ್ಲಿ ಎರಡು ಕಿಲೋಮೀಟರ್ ಮಣ್ಣು ದಾರಿ ಹೋಗಬೇಕು. 55 ವ್ಯಾಟ್‌ನ ನಾಲ್ಕು ಹ್ಯಾಲೊಜೆನ್ ಸ್ಪಾಟ್‌ಲೈಟ್ ತಂದಿದ್ದೇನೆ. ಟಾಪಿಗೆ ತೂತು ಹೊಡೆದು ಕೂರಿಸಿ, ಹೆಡ್‌ಲೈಟ್ ವೈರಿಗೇ ಸೇರಿಸಿಬಿಡೋಣ ಅಂತಾನೆ ನಮ್ಮೂರ ಮೆಕ್ಯಾನಿಕ್. ಸರೀನಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ):
ಎರಡೂ ಬೇಡ ಅಣ್ಣ.

ಸಿಲಿಕಾನ್ ಎಷ್ಟೇ ಮೆತ್ತಿದರೂ ತೂತಿನ ಸುತ್ತ ಒಂದು ದಿನ ತುಕ್ಕು ಹಿಡಿಯುತ್ತದೆ. ಆಮೇಲೆ ಮಳೆ ಬಂದರೆ ನೀರು ಸೀದಾ ತಲೆ ಮೇಲೆ. ಜಿಮ್ನಿ ಟಾಪಿನ ಎರಡೂ ಬದಿ ನೀರು ಹರಿಯುವ ದೋಣಿ ಇದೆ, ಹಳೇ ಅಂಬಾಸಿಡರ್‌ಗೆ ಇತ್ತಲ್ಲ, ಹಾಗೆ. ಅದನ್ನೇ ಕಚ್ಚಿಕೊಳ್ಳುವ ಕ್ಲ್ಯಾಂಪ್ ಕ್ಯಾರಿಯರ್ ಹಾಕಿಸಿ, ಲೈಟು ಅದರ ಮೇಲೆ ಕೂರಲಿ.

ಇನ್ನು ವೈರಿಂಗ್. ನಾಲ್ಕು ಸೇರಿ 220 ವ್ಯಾಟ್. 12 ವೋಲ್ಟಿಗೆ ಭಾಗಿಸಿದರೆ 18 ಆಂಪಿಯರ್ ದಾಟುತ್ತದೆ. ಹೆಡ್‌ಲೈಟ್ ವೈರು ಅದರ ಎರಡು ಬಲ್ಬಿಗೆ ಅಂತ ಮಾಡಿದ್ದು, ಇಷ್ಟು ಭಾರ ತಾಳುವುದಿಲ್ಲ. ಕಂಪನಿ ವೈರು ಕತ್ತರಿಸಿದರೆ ವಾರಂಟಿಗೂ ಕಿರಿಕಿರಿ. ಬ್ಯಾಟರಿ ಪ್ಲಸ್‌ನಿಂದ 4 ಸ್ಕ್ವೇರ್ ಎಂಎಂ ಹೊಸ ವೈರು ಎಳೆಸಿ. ಬ್ಯಾಟರಿಯಿಂದ ಗೇಣು ದೂರದೊಳಗೇ 25 ಆಂಪಿಯರ್ ಫ್ಯೂಸ್ ಇರಲಿ. ಫ್ಯೂಸ್ ದೂರ ಇಟ್ಟರೆ, ನಡುವೆ ಎಲ್ಲಾದರೂ ವೈರು ಗಾಡಿಯ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಅದು ಇದ್ದೂ ಇಲ್ಲದ ಹಾಗೆ. ಅಲ್ಲಿಂದ 40 ಆಂಪಿಯರ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್-ಆಫ್ ಮಾಡುವ ಡಬ್ಬಿ) 30ನೇ ಪಿನ್ನಿಗೆ, 87ರಿಂದ ಲೈಟಿಗೆ. 85, 86ರಲ್ಲಿ ಒಂದು ಅರ್ತಿಂಗಿಗೆ, ಇನ್ನೊಂದು ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ. ಹೀಗೆ ಮಾಡಿದರೆ ಸ್ವಿಚ್ಚಿನಲ್ಲಿ ಹರಿಯುವ ಕರೆಂಟು ತೀರಾ ಕಮ್ಮಿ.

ವೈರು ಒಳಗೆ ನುಗ್ಗುವ ಜಾಗಕ್ಕೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ, ಅದಕ್ಕೂ ಮುಂಚೆ ವೈರನ್ನು ಸ್ವಲ್ಪ ಕೆಳಕ್ಕೆ ಜೋಲು ಬಿಡಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಮರುಪ್ರಶ್ನೆ:
ಎಲ್‌ಇಡಿ ಹಾಕಿದರೆ ಹೇಗೆ ಸರ್?

ಉತ್ತರ:
ಒಳ್ಳೆಯದೇ. 18 ವ್ಯಾಟ್‌ನವು ನಾಲ್ಕಾದರೂ ಬರೀ 6 ಆಂಪಿಯರ್. ಆಗ 10 ಆಂಪಿಯರ್ ಫ್ಯೂಸ್ ಸಾಕು. ಆದರೆ ಯಾವ ಲೈಟೇ ಆಗಲಿ, ಟಾಪ್ ಮೇಲಿಂದ ಬಿದ್ದ ಬೆಳಕು ಬಾನೆಟ್ಟಿಗೆ ಹೊಡೆದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೈಟನ್ನು ಟಾಪಿನ ಅಂಚಿನಿಂದ ಒಂದಡಿ ಹಿಂದಕ್ಕೆ ಕೂರಿಸಿ, ಬಾನೆಟ್ ನೆರಳಿನಲ್ಲಿ ಉಳಿಯುತ್ತದೆ. ಮುಂದೆ ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದರೆ ಟಾಪ್ ಲೈಟು ಆರಿಸಿಬಿಡಿ, ಬಿಳಿ ಪರದೆ ಬಿಟ್ಟು ಏನೂ ಕಾಣುವುದಿಲ್ಲ. ನನ್ನ ಕೇಳಿದರೆ ನಿಮ್ಮ ದಾರಿಗೆ ಎರಡೇ ಸಾಕು. ನಾಲ್ಕು ಸುಮ್ನೆ ಶೋಕಿ!

ಇನ್ನೊಬ್ಬ ಸದಸ್ಯರು:
ಪೊಲೀಸರು ಹಿಡಿಯುವುದಿಲ್ವಾ?

ಉತ್ತರ:
ಹಿಡಿಯಬಹುದು. ಕೇಂದ್ರ ಮೋಟಾರು ವಾಹನ ನಿಯಮ 111ರ ಪ್ರಕಾರ ಆರ್‌ಟಿಒ ಒಪ್ಪಿಗೆ ಇಲ್ಲದೆ ಗಾಡಿ ಮುಂಭಾಗದಲ್ಲಿ ಸ್ಪಾಟ್‌ಲೈಟ್ ಇರುವಂತಿಲ್ಲ. ಆರಿಸಿದ್ದೆ, ಕವರ್ ಹಾಕಿದ್ದೆ ಅಂದರೆ ಪಾರಾಗುತ್ತೇವೆ ಅಂದುಕೊಳ್ಳಬೇಡಿ. ಕ್ಲ್ಯಾಂಪ್ ಹೇಳಿದ್ದಕ್ಕೆ ಇದೂ ಒಂದು ಕಾರಣ. ನೀರು ಹೋಗದ ಕನೆಕ್ಟರ್ ಒಂದು ಹಾಕಿಸಿದರೆ, ದುರ್ಗಕ್ಕೋ ದಾವಣಗೆರೆಗೋ ಹೊರಡುವ ದಿನ ಕ್ಯಾರಿಯರ್ ಸಮೇತ ಬಿಚ್ಚಿ ತೋಟದ ಮನೆಯಲ್ಲೇ ಇಟ್ಟು ಬರಬಹುದು.